ಎಲ್ಲರದೂ ಒಂದೊಂದು ಚೊಂಬು

ಸಲಾಕೆ ಗೇಣುದ್ದ ಇಳಿದು ನಿಂತುಬಿಟ್ಟಿತು. ಅವಳು ಅದರ ಮೇಲೆ ಮೈಭಾರವನ್ನೆಲ್ಲ ಹಾಕಿದಳು. ಕದಲಲಿಲ್ಲ. ನಿನ್ನೆಯಿಂದ ಸಾವಿನ ಮನೆಗೆ ಬಂದವರೆಲ್ಲ ಕುಂಬಳಕಾಯಿ ನೋಡಲೆಂದು ಹಿತ್ತಲಿಗೂ ಬಂದು, ತುಳಿದು ತುಳಿದು ಮಣ್ಣನ್ನು ರಸ್ತೆ ಮಾಡಿಟ್ಟಿದ್ದರು. ಸಲಾಕೆ ಕಿತ್ತು, ಸ್ವಲ್ಪ ಈಚೆಗೆ ಮತ್ತೆ ಚುಚ್ಚಿ, ಬೇರಿಗೆ ತಾಗದ ಹಾಗೆ ಮೆಲ್ಲಗೆ ಅತ್ತಿತ್ತ ಆಡಿಸಿದಳು. ಬೆರಳು ಹೋಗುವಷ್ಟು ತೂತು ಬಿತ್ತು.

“ಅಮ್ಮಾ, ಗಾಡಿ ಮಧ್ಯಾಹ್ನ ಬರುತ್ತಂತೆ. ಬಟ್ಟೆ ಬದಲಾಯಿಸ್ಕೊ,” ಎಂದಳು ಮಗಳು, ಅಡುಗೆಮನೆಯ ಬಾಗಿಲಲ್ಲಿ ನಿಂತು.

“ಇನ್ನೊಂದು ಸಾಲಿದೆ.”

“ಇವತ್ತೂ ಮಾಡ್ಬೇಕಾ?”

ಮಾಡಬೇಕೋ ಬೇಡವೋ ಎಂದು ಅವಳು ಯೋಚಿಸಿಯೇ ಇರಲಿಲ್ಲ. ಬೆಳಗಾಗಿತ್ತು, ಕೈ ಸಲಾಕೆಗೆ ಹೋಗಿತ್ತು, ಅಷ್ಟೆ.

ಮುಂದಿನ ಕೋಣೆಯಲ್ಲಿ ಅವಳ ಗಂಡ ಬಿಳಿ ಹೊದಿಕೆಯಡಿ ಮಲಗಿದ್ದ. ಬೀದಿಯವರ ಬಾಯಲ್ಲಿ ಅವನು ಕುಂಬಳಣ್ಣ. ನಿಜವಾದ ಹೆಸರು ಅಂಚೆಯವನಿಗೆ ಮಾತ್ರ ಗೊತ್ತು ಎಂದು ಅವನೇ ನಗುತ್ತಿದ್ದ. ಹಿತ್ತಲಿನಲ್ಲಿ, ಹಳೆಯ ದುಪ್ಪಟಿಯ ನೆರಳಿನಡಿ, ಮರದ ಹಲಗೆಯ ಮೇಲೆ ಅವನ ಕುಂಬಳಕಾಯಿ ಕೂತಿತ್ತು. ಇಬ್ಬರು ಕೈ ಚಾಚಿ ತಬ್ಬಿದರೂ ಬೆರಳಿಗೆ ಬೆರಳು ಸಿಗದಷ್ಟು ದಪ್ಪ. ಅವನು ಬೆಳೆಸಿದ್ದರಲ್ಲೆಲ್ಲ ದೊಡ್ಡದು. ಪ್ರತಿವರ್ಷದ ದೈತ್ಯ ಕುಂಬಳದ ಸ್ಪರ್ಧೆಗೆ ಇನ್ನು ಹೆಚ್ಚು ದಿನ ಇರಲಿಲ್ಲ.

ವಾರಕ್ಕೊಮ್ಮೆ ಮನೆಗೇ ಬಂದು ಅವನಿಗೆ ಗಡ್ಡ ಹೆರೆಯುತ್ತಿದ್ದ ಕ್ಷೌರದ ಮುದುಕ ಕೊನೆಯ ಬಾರಿಯೂ ಹೆರೆದು, ಕೈ ತೊಳೆಯಲು ಹಿತ್ತಲಿಗೆ ಬಂದ. ಬಿಸಿಲೇರಿತ್ತು. ಕುಂಬಳದ ಎಲೆಗಳೆಲ್ಲ ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದವು. ಅವನು ಅದನ್ನು ನೋಡುತ್ತ ತುಸು ಹೊತ್ತು ನಿಂತ.

“ನೋಡಮ್ಮ, ಇದಕ್ಕೂ ಗೊತ್ತಾಗಿದೆ,” ಎಂದು ತೊಟ್ಟಿಯಿಂದ ಒಂದು ಚೊಂಬು ನೀರು ಮೊಗೆದು ಬುಡಕ್ಕೆ ಹಾಕಿದ. “ನನ್ನ ಕೈಯಿಂದ ಒಂದು ಇರಲಿ.”

ಅವಳು ಎಲೆಗಳತ್ತ ನೋಡಿದಳು. ಬಿಸಿಲ ಹೊತ್ತಿನಲ್ಲಿ ಈ ಎಲೆಗಳು ದಿನಾ ಹಾಗೆ ಜೋತುಬಿದ್ದು ಸಂಜೆಗೆ ತಾವಾಗಿಯೇ ಏಳುತ್ತಿದ್ದವು. ಆಸ್ಪತ್ರೆಯ ಓಡಾಟದಲ್ಲಿ ನೀರು ಕಡಿಮೆಯಾಗಿತ್ತು, ನಿಜ. ಆದರೆ ಒಣಗಿದ ಬೇರಿಗೆ ಒಮ್ಮೆಗೇ ನೀರು ಸುರಿಯಬಾರದು. ಕಾಯಿ ಕುಡಿದು ಕುಡಿದು ಒಳಗಿನಿಂದ ಹಿಗ್ಗುತ್ತದೆ, ಸಿಪ್ಪೆ ಅಷ್ಟು ಬೇಗ ಹಿಗ್ಗುವುದಿಲ್ಲ.

ಕ್ಷೌರದವನ ಹಿಂದೆ ನಾದಿನಿ ಬಂದು, ಅಳುತ್ತಲೇ ಒಂದು ಚೊಂಬು ಹಾಕಿದಳು. ಆಮೇಲೆ ಗಿರಣಿಯಲ್ಲಿ ಗಂಡನಿಗೆ ಜೊತೆಗಾರರಾಗಿದ್ದವರು ಬಂದರು. ಪಕ್ಕದ ಮನೆಯ ದರ್ಜಿ, ಅವನ ಹೆಂಡತಿ. ಒಬ್ಬರು ಹಾಕಿದರೆ ಇನ್ನೊಬ್ಬರು ಹಾಕದೆ ಹೋಗುವುದು ಹೇಗೆ? ನಿನ್ನೆಯಾಗಿದ್ದರೆ ಗಟ್ಟಿ ಮಣ್ಣಿನ ಮೇಲೆ ಹರಿದು ಚರಂಡಿ ಸೇರುತ್ತಿದ್ದ ನೀರು, ಇಂದು ಅವಳು ಚುಚ್ಚಿದ ತೂತುಗಳಲ್ಲಿ ಗುಳುಗುಳು ಇಳಿಯಿತು.

ಬೇಡ ಅನ್ನಲು ಅವಳು ಒಮ್ಮೆ ಬಾಯಿ ತೆರೆದಳು. ಅಷ್ಟು ಜನಕ್ಕೆ ಅಷ್ಟನ್ನೂ ಬಿಡಿಸಿ ಹೇಳಬೇಕಿತ್ತು. ಬಾಯಿ ಮುಚ್ಚಿ, ಬಟ್ಟೆ ಬದಲಾಯಿಸಲು ಒಳಗೆ ಹೋದಳು.

*

ಹಿಟ್ಟಿನ ಗಿರಣಿಯಲ್ಲಿ ಅವನು ಮೂಟೆ ಹೊತ್ತವನು, ಆಮೇಲೆ ಜರಡಿ ನೋಡಿಕೊಂಡವನು. ತಲೆಯಿಂದ ಕಾಲಿನವರೆಗೆ ಬಿಳಿಯಾಗಿ ಮನೆಗೆ ಬರುತ್ತಿದ್ದ. ಮೈಮೇಲಿನ ಹಿಟ್ಟು ಸ್ನಾನಕ್ಕೆ ಹೋಗುತ್ತಿತ್ತು, ಎದೆಯೊಳಗೆ ಇಳಿದದ್ದು ಹೋಗಲಿಲ್ಲ. ಬೀದಿಯ ಕೊನೆಯವರೆಗೆ ನಡೆಯಲಾಗದ ಸ್ಥಿತಿ ಬಂದಾಗ ಗಿರಣಿಯವರು ಕೆಲಸದಿಂದ ಬಿಡುಗಡೆ ಮಾಡಿದರು. ಬೀಳ್ಕೊಡುವ ದಿನ ಫೋರ್‌ಮನ್ ಯಾವುದೋ ಪ್ರದರ್ಶನದಿಂದ ತಂದ ದೈತ್ಯ ಕುಂಬಳದ ಬೀಜಗಳನ್ನು ತಮಾಷೆಗೆಂದು ಅವನ ಜೇಬಿಗೆ ಹಾಕಿದ.

ತಮಾಷೆ ಬಳ್ಳಿಯಾಗಿ ಹಬ್ಬಿತು. ಅವನು ಕುರ್ಚಿ ಹಾಕಿಕೊಂಡು ಹಿತ್ತಲಲ್ಲಿ ಕೂರುವುದು, ಅವಳು ಕೆಲಸ ಮಾಡುವುದು. “ಬುಡದ ಹತ್ರ ಬೇಡ, ಆಚೆ ಚುಚ್ಚು. ಬೇರಿಗೂ ಉಸಿರು ಬೇಕು ಕಣೇ.” ಹಾಗೆ ಹೇಳಿ ಮುಗಿಸುವಷ್ಟರಲ್ಲಿ ಅವನಿಗೇ ಏದುಸಿರು. ಬೀದಿಯ ನಲ್ಲಿಯಿಂದ ಬಕೆಟ್ ತುಂಬಿ ತರುವುದು, ತಣ್ಣನೆಯ ನೀರನ್ನು ಬಿಸಿಲಲ್ಲಿ ಇಟ್ಟು ಬೆಚ್ಚಗೆ ಮಾಡುವುದು, ಬೇರಿನ ಸುತ್ತ ನಿಧಾನಕ್ಕೆ ಎರೆಯುವುದು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಮಗಳು ಬಸಿರಾದಾಗಲೂ ಅವಳು ಒಂದು ರಾತ್ರಿಗಿಂತ ಹೆಚ್ಚು ಮಗಳ ಮನೆಯಲ್ಲಿ ಉಳಿಯಲಿಲ್ಲ.

“ಈ ವರ್ಷ ಒಂದು ಆಗ್ಲಿ, ಮುಂದಿನ ವರ್ಷ ಬೇಡ,” ಎಂದು ಅವನು ಪ್ರತಿ ವರ್ಷವೂ ಹೇಳಿದ. ಕುಡುಕನ ಮಾತು ಬೆಳಗಿನವರೆಗೆ, ನಿಮ್ಮ ಮಾತು ಬೀಜ ಕಾಣೋವರೆಗೆ ಎಂದು ಅವಳೂ ಪ್ರತಿ ವರ್ಷ ಹೇಳಿದಳು. ಒಮ್ಮೆ ಮೂರನೆಯ ಬಹುಮಾನ ಬಂತು. ಪತ್ರಿಕೆಯವರು ಚಿತ್ರ ತೆಗೆಯುವಾಗ ಅವಳು ಅವನ ಔಷಧಿಯ ಚೀಲ ಹಿಡಿದು ಪಕ್ಕಕ್ಕೆ ಸರಿದು ನಿಂತಳು. ಯಾರೂ ಕರೆಯಲಿಲ್ಲ. ಅವನು ಮಾತ್ರ ಕುಂಬಳದ ಮೇಲೆ ಕೈಯಿಟ್ಟುಕೊಂಡು, ಅಂದಿನ ಮಟ್ಟಿಗೆ ಕೆಮ್ಮದೆ, ಮದುಮಗನಂತೆ ನಕ್ಕಿದ್ದ.

ಆ ನಗು ಕಂಡಿದ್ದಕ್ಕೇ ಅವಳು ಮುಂದಿನ ವರ್ಷವೂ ಬಕೆಟ್ ಹಿಡಿದದ್ದು. ಅದನ್ನು ಯಾರಿಗೂ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳು ಒಳಗೆ ಕಾಲಿಟ್ಟ ಕೂಡಲೇ ಅವನು ಮೂಗಿನ ಕೊಳವೆ ಸರಿಸಿ, “ನೀರು ಹಾಕಿದ್ಯಾ?” ಎಂದು ಕೇಳುತ್ತಿದ್ದ. ಊಟ ಆಯಿತಾ ಎಂದು ಒಮ್ಮೆಯೂ ಕೇಳಲಿಲ್ಲ. ಹಾಕದ ದಿನವೂ ಅವಳು ಹಾಕಿದೆ ಎಂದಳು.

*

ಸ್ಮಶಾನದಲ್ಲಿ ಅಗೆದಿಟ್ಟ ಮಣ್ಣು ಪುಡಿಪುಡಿಯಾಗಿತ್ತು. ಎಲ್ಲರೂ ಹಿಡಿ ಹಿಡಿ ಹಾಕಿದರು. ತನ್ನ ಸರದಿ ಬಂದಾಗ ಅವಳು ಹಿಡಿಯೊಳಗಿನ ಹೆಂಟೆಯನ್ನು ಹಿಸುಕಿ ಪುಡಿಮಾಡಿ ಹಾಕಿದಳು. ಗುಂಡಿ ಮುಚ್ಚಿದ ಆಳು ಸಲಿಕೆಯ ಬೆನ್ನಿನಿಂದ ಮೇಲೆ ಬಡಿಯತೊಡಗಿದ.

“ಅಷ್ಟು ಗಟ್ಟಿ ಮಾಡ್ಬೇಡಪ್ಪ,” ಎಂದಳು. “ಸ್ವಲ್ಪ ಸಡಿಲ ಇರಲಿ.”

ಅವನು ಮಗಳ ಮುಖ ನೋಡಿದ. ಮಗಳು ತಲೆಯಾಡಿಸಿದಳು. ಸಲಿಕೆ ಕೆಳಗಿಟ್ಟ.

ಮಣ್ಣು ಮಾಡಿ ಮನೆಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಕೈಕಾಲು ತೊಳೆಯಲು ಮೊದಲು ಹಿತ್ತಲಿಗೆ ಹೋದ ದರ್ಜಿ ಅಲ್ಲಿಂದಲೇ ಎಲ್ಲರನ್ನೂ ಕರೆದ. ಕುಂಬಳಕಾಯಿ ತೊಟ್ಟಿನಿಂದ ಹಲಗೆಯವರೆಗೆ ಬಿರಿದುಹೋಗಿತ್ತು. ಬಿರುಕಿನೊಳಗೆ ಕಿತ್ತಳೆ ಬಣ್ಣದ ಎಳೆಗಳು, ನಡುವೆ ಬಿಳಿ ಬೀಜಗಳು, ಹಲಗೆಯ ಅಂಚಿನಿಂದ ತೊಟ್ಟಿಕ್ಕುವ ನೀರು. ಎಲೆಗಳು ಮಾತ್ರ ನೆಟ್ಟಗೆ ಎದ್ದು ನಿಂತಿದ್ದವು.

ಯಾಕೆ ಹೀಗಾಯಿತು ಎಂದು ನಾದಿನಿ ಕೇಳಿದಳು. ನೀರು ಹೆಚ್ಚಾದರೆ ಹೀಗಾಗುತ್ತದೆಂದು ಕುಂಬಳಣ್ಣನೇ ಹಿಂದೊಮ್ಮೆ ಹೇಳಿದ್ದನ್ನು ಗಿರಣಿಯವರಲ್ಲಿ ಯಾರೋ ನೆನಪು ಮಾಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಒಬ್ಬ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು. ಕ್ಷೌರದ ಮುದುಕ ಗೋಡೆಗೆ ಮುಖ ಮಾಡಿ ಅತ್ತ. ಬೆಳಗಿನಿಂದ ಅವನು ಅತ್ತಿರಲಿಲ್ಲ.

“ಅಳಬೇಡಿ,” ಎಂದಳು ಅವಳು. “ನೀವೆಲ್ಲ ಪ್ರೀತಿಯಿಂದ ಹಾಕಿದ್ದು.”

ಒಬ್ಬೊಬ್ಬರಾಗಿ ಹೇಳಿ ಹೊರಟರು. ಕೊನೆಗೆ ತಾಯಿ ಮಗಳಿಬ್ಬರೇ ಉಳಿದರು. ಮಗಳು ಬಸ್ ಕಂಡಕ್ಟರ್. ಮುಖ ನೋಡಿದರೆ ಸಾಕು, ಟಿಕೆಟ್ ಇಲ್ಲದವರು ಅವಳಿಗೆ ಗೊತ್ತಾಗಿಬಿಡುತ್ತಿದ್ದರು. ತಾಯಿಯ ಮುಖವನ್ನು ತುಂಬ ಹೊತ್ತು ನೋಡಿದಳು.

“ಅಮ್ಮಾ, ಅವ್ರು ನೀರು ಹಾಕೋವಾಗ ನೀನು ಅಲ್ಲೇ ಇದ್ದೆ.”

“ಇದ್ದೆ.”

“ಹೀಗಾಗುತ್ತೆ ಅಂತ ನಿಂಗೆ ಗೊತ್ತಿತ್ತಲ್ವಾ?”

“ಗೊತ್ತಿತ್ತು.” ಅವಳು ಗೋಡೆ ಹಿಡಿದು ಕೂತಳು. “ಅಪ್ಪ ಇದ್ದಿದ್ರೆ ಒಂದು ಚೊಂಬೂ ಹಾಕೋಕೆ ಬಿಡ್ತಿರ್ಲಿಲ್ಲ. ನಂಗೆ ಸಾಕಾಗಿತ್ತು ಮಗಳೇ.”

ಮಗಳು ಹಾಸಿಗೆ ಹಾಸಿ, ತಾಯಿಯನ್ನು ಎಬ್ಬಿಸಿ ಕರೆದುಕೊಂಡು ಹೋದಳು. ಹೊರಗೆ ಇನ್ನೂ ಬೆಳಕಿತ್ತು. ಬೀದಿಯ ನಲ್ಲಿಗೆ ನೀರು ಬಂದ ಸದ್ದು, ಕೊಡಗಳನ್ನು ಸಾಲಿಗಿಡುವ ಸದ್ದು ಕೇಳಿಸುತ್ತಿತ್ತು. ತಾಯಿ ಏಳಲಿಲ್ಲ. ತಲೆ ದಿಂಬಿಗೆ ತಾಗಿದ್ದೇ ತಡ, ಮಗುವಿನಂತೆ ಬಾಯಿ ತೆರೆದು ನಿದ್ದೆಹೋದಳು.

ಮಗಳು ಪಕ್ಕದಲ್ಲಿ ಕೂತಳು. ತಾಯಿಯ ಬಲಗೈ ಹೊದಿಕೆಯ ಮೇಲಿತ್ತು. ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು, ನಡುವೆ ಬಕೆಟ್ಟಿನ ಹಿಡಿಯಷ್ಟು ಜಾಗ ಬಿಟ್ಟು. ಮಗಳು ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸಿ ಹೊದಿಕೆಯ ಮೇಲೆ ನೇರ ಮಾಡಿದಳು. ಕೈ ತೆಗೆದ ಕೂಡಲೇ ಅವು ಮತ್ತೆ ಮಡಚಿಕೊಂಡವು.