ಐದನೆಯ ಭಾಗದ ಅಕ್ಕ

"ಇವಳನ್ನ ಯಾರು ಇಲ್ಲಿ ತಂದು ಕೂರಿಸಿದ್ದು?" ಎಂದು ನಿರ್ದೇಶಕರು ಕೇಳಿದರು.

ಸಂಕಲನಕಾರ್ತಿ ಚಿತ್ರವನ್ನು ನಿಲ್ಲಿಸಿದಳು. ಪರದೆಯ ಮೇಲೆ ಅಕ್ಕ ತಂಗಿ ಇಬ್ಬರೂ ಕಬ್ಬಿಣದ ಮೇಜಿನ ಆಚೆ ಈಚೆ ಕೂತಿದ್ದರು. ಅಕ್ಕ ತಂಗಿಯ ತಟ್ಟೆಗೆ ಏನನ್ನೋ ಬಡಿಸುತ್ತಿದ್ದಳು. ಹಿಂದಿನ ದುಂಡು ಕಿಟಕಿಯಲ್ಲಿ ನಕ್ಷತ್ರಗಳು ಬರಬೇಕಾದ ಕಡೆ ಇನ್ನೂ ಹಸಿರು ಬಟ್ಟೆಯೇ ಇತ್ತು.

"ನೀವೇ ಅಲ್ವಾ ಸರ್ ತೆಗೆದಿದ್ದು," ಎಂದಳು.

"ನಾನಾ? ಮೂರನೇ ಭಾಗದಲ್ಲಿ ಸತ್ತವಳನ್ನ ಐದನೇದರಲ್ಲಿ ಊಟಕ್ಕೆ ಕೂರಿಸೋಕೆ ನನಗೇನು ತಲೆ ಕೆಟ್ಟಿದೆಯಾ?"

ತಮಾಷೆ ಮಾಡುತ್ತಿದ್ದಾರೆಂದು ಅವಳು ನಕ್ಕಳು. ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ತಮ್ಮ ಮನೆಯ ಹಜಾರದಲ್ಲಿ ಗುರುತಿಲ್ಲದವರು ಕೂತಿರುವುದನ್ನು ಕಂಡವರಂತೆ ಪರದೆಯನ್ನೇ ನೋಡುತ್ತಿದ್ದರು.

ಮರುದಿನ ಬಂದವರೇ, "ಆ ಊಟದ ಸೀನ್ ಎಲ್ಲಿದೆ? ಅದಕ್ಕೆ ಕೈ ಹಚ್ಚಬೇಡ. ಇಡೀ ಸಿನಿಮಾದ ಜೀವ ಅದು," ಎಂದರು.

ದೂರದ ಒಂದು ಗ್ರಹಕ್ಕೆ ಹೊರಟ ನೌಕೆ, ಅದರೊಳಗೆ ಮುನ್ನೂರು ಜನ, ತಲುಪಲು ನಾಲ್ಕು ತಲೆಮಾರು. ಇಪ್ಪತ್ತೆರಡು ವರ್ಷಗಳಿಂದ ಆ ಕಥೆ ಭಾಗ ಭಾಗವಾಗಿ ಬರುತ್ತಲೇ ಇತ್ತು. ಮೊದಲ ಭಾಗಕ್ಕೆ ಕೆಲಸ ಕೇಳಿಕೊಂಡು ಬಂದಾಗ ಸಂಕಲನಕಾರ್ತಿಗೆ ಇಪ್ಪತ್ತಾರು ವಯಸ್ಸು. ಯಾವ ಮುಖದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಕಣ್ಣು ತಪ್ಪಿಸಬೇಕು ಎಂಬುದನ್ನೆಲ್ಲ ಕಲಿಸಿದವರು ನಿರ್ದೇಶಕರೇ. ಮೂರನೆಯ ಭಾಗದಲ್ಲಿ, ನೌಕೆ ನಡೆಸುವ ಅಕ್ಕ ಕೆಟ್ಟುನಿಂತ ಬಾಗಿಲೊಂದನ್ನು ಹೊರಗಿನಿಂದ ಮುಚ್ಚಲು ಹೋಗಿ ಹೊರಗೇ ಉಳಿದುಬಿಡುತ್ತಾಳೆ. ಆ ಸಾವನ್ನು ಇವಳು ಹನ್ನೊಂದು ದಿನ ಕೂತು ಜೋಡಿಸಿದ್ದಳು. ದೀಪ ಹತ್ತಿದ ಮೇಲೂ ಜನ ಕುರ್ಚಿ ಬಿಟ್ಟು ಎದ್ದಿರಲಿಲ್ಲ.

ಅಂಥ ಅಕ್ಕನನ್ನು ಐದನೆಯ ಭಾಗದಲ್ಲಿ ಬದುಕಿಸಿ, ಏಳು ನಿಮಿಷ ಊಟಕ್ಕೆ ಕೂರಿಸಿದಾಗ ಚಿತ್ರೀಕರಣದಲ್ಲಿದ್ದ ಒಬ್ಬರೂ ತುಟಿ ಬಿಚ್ಚಲಿಲ್ಲ. ದೊಡ್ಡವರ ತಲೆಯಲ್ಲಿ ಏನೋ ಇರುತ್ತದೆ, ಕೇಳಿದರೆ ನಾವೇ ದಡ್ಡರಾಗುತ್ತೇವೆ ಎಂದು ಎಲ್ಲರೂ ಅಂದುಕೊಂಡರು. ಅಕ್ಕನ ಪಾತ್ರದ ನಟಿಯಂತೂ ಕರೆದರೆ ಸಾಕೆಂದು ಕಾಯುತ್ತಿದ್ದವಳು, ಹಳೆಯ ಉಡುಪು ಮೈಗೆ ಹಿಡಿಸುವಷ್ಟು ಸಣ್ಣಗಾಗಿ ಬಂದಿದ್ದಳು. ನಿರ್ಮಾಪಕರು ಆಗಲೇ ಅವಳ ಮುಖವನ್ನು ಪೋಸ್ಟರಿಗೆ ಹಾಕಿಸಿ, ಅವಳು ಮರಳಿ ಬರುತ್ತಿದ್ದಾಳೆಂದು ಊರಿಗೆಲ್ಲ ಸಾರಿದ್ದರು.

ಮೂರನೆಯ ದಿನ ಮತ್ತೆ "ಇವಳು ಯಾಕಿಲ್ಲಿ?" ಎಂಬ ಪ್ರಶ್ನೆ ಬಂತು. ಅಂದು ಮಧ್ಯಾಹ್ನ ನಿರ್ದೇಶಕರ ಹೆಂಡತಿ ಊಟದ ಡಬ್ಬಿ ತಂದರು. ಕೆಲವು ತಿಂಗಳಿಂದ ಅವರನ್ನು ಕರೆತಂದು ಕರೆದೊಯ್ಯುತ್ತಿದ್ದವರೂ ಈಕೆಯೇ. ಸಂಕಲನಕಾರ್ತಿ ಆಕೆಯನ್ನು ಹೊರಗೆ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದಳು.

"ಅಕ್ಕಾ, ಎಷ್ಟು ದಿನದಿಂದ ಹೀಗೆ?"

ಆಕೆ ಮೆಟ್ಟಿಲ ಕಂಬಿಯನ್ನು ಸೆರಗಿನ ತುದಿಯಿಂದ ಒರೆಸತೊಡಗಿದರು. "ಒಂದೂವರೆ ವರ್ಷ ಆಯ್ತು. ಮೊನ್ನೆ ಸ್ನಾನದ ಮನೇಲಿ ನಿಂತು, ಆಚೆ ಬರೋ ದಾರಿ ಯಾವುದು ಅಂತ ನನ್ನೇ ಕೇಳಿದ್ರು."

"ಹಾಗಿದ್ದರೂ ಸಿನಿಮಾ ಮಾಡೋಕೆ ಬಿಟ್ರಾ?"

"ಬಿಡದೆ ಏನು ಮಾಡಲಿ? ಕೆಲಸ ಇದ್ದ ದಿನ ಮನುಷ್ಯರ ಹಾಗೆ ಇರ್ತಾರೆ ಕಣೆ. ಇದೊಂದು ಮುಗಿಸಿಕೊಡು. ನಿನ್ನ ಬಿಟ್ಟು ಇನ್ಯಾರಿಗೂ ಗೊತ್ತಾಗೋದು ಬೇಡ. ನಿನ್ನ ಕೈ ಹಿಡ್ಕೊಂಡು ಕೇಳ್ತೀನಿ."

ನಿಜವಾಗಿಯೂ ಕೈ ಹಿಡಿದುಕೊಂಡರು. ಸಂಕಲನಕಾರ್ತಿ ಒಪ್ಪಿದಳು.

ಮುಂದಿನ ಐದು ವಾರ ಅವಳು ಮಾಡಿದ್ದು ರಿಪೇರಿ ಕೆಲಸ. ದೃಶ್ಯವನ್ನು ಕಿತ್ತುಹಾಕುವಂತಿರಲಿಲ್ಲ, ಪೋಸ್ಟರು ಆಗಲೇ ಊರೆಲ್ಲ ಅಂಟಿತ್ತು. ಅದಕ್ಕೇ ಅಕ್ಕನನ್ನು ತಂಗಿಯ ನೆನಪಾಗಿ ಮಾರ್ಪಡಿಸಿಬಿಟ್ಟಳು. ಊಟದ ದೃಶ್ಯದ ಬೆಳಕನ್ನು ಮಸುಕಾಗಿಸಿ, ತಂಗಿ ಒಬ್ಬಳೇ ಅದೇ ಮೇಜಿನ ಮುಂದೆ ಕೂತಿದ್ದ ಬೇರೆ ಯಾವುದೋ ಶಾಟ್ ಹುಡುಕಿ ಮೊದಲಿಗೂ ಕೊನೆಗೂ ಜೋಡಿಸಿದಳು. ಈಗ ಅದು ತಂಗಿಯ ಮನಸ್ಸಿನಲ್ಲಿ ನಡೆಯುವ ಊಟವಾಯಿತು. ನೋಡಿದರೆ ಮೊದಲಿನಿಂದಲೂ ಹಾಗೇ ಬರೆದಿದ್ದರೇನೋ ಎನ್ನಿಸುತ್ತಿತ್ತು. ಇಷ್ಟು ಒಳ್ಳೆಯ ಕೆಲಸವನ್ನು ತಾನು ಹಿಂದೆಂದೂ ಮಾಡಿಲ್ಲ, ಇದನ್ನು ಯಾರಿಗೂ ಹೇಳಿಕೊಳ್ಳುವಂತೆಯೂ ಇಲ್ಲ ಎಂದುಕೊಂಡು ಅವಳು ಒಂದು ಲೋಟ ಕಾಫಿ ಕುಡಿದಳು.

ಬಿಡುಗಡೆಗೆ ಹತ್ತು ದಿನ ಇರುವಾಗ ನಿರ್ಮಾಪಕರಿಗೆ ಚಿತ್ರ ತೋರಿಸಿದರು. ಊಟದ ದೃಶ್ಯ ಬಂದಾಗ ನಿರ್ದೇಶಕರು ಎದ್ದು ನಿಂತರು.

"ಇದೇನಿದು, ಇಷ್ಟು ಮಸುಕು? ಕಣ್ಣಿಗೆ ಪೊರೆ ಬಂದ ಹಾಗಿದೆ. ತೆಗಿ ಇದನ್ನ. ಈ ಹುಡುಗಿ ಒಬ್ಬಳೇ ಕೂತಿರೋದೂ ಬೇಡ. ಅಕ್ಕ ತಂಗಿ ಊಟ ಮಾಡ್ತಾರೆ, ಅಷ್ಟೆ."

"ಸರ್, ಅದಿಲ್ಲದಿದ್ದರೆ ಜನಕ್ಕೆ ಅರ್ಥ ಆಗಲ್ಲ," ಎಂದಳು ಸಂಕಲನಕಾರ್ತಿ. ನಿರ್ಮಾಪಕರ ಕಡೆ ನೋಡಿದಳು.

"ಅವರು ಹೇಳಿದ ಮೇಲೆ ಮುಗೀತು ಮೇಡಂ," ಎಂದರು ನಿರ್ಮಾಪಕರು. "ಇಪ್ಪತ್ತೆರಡು ವರ್ಷದಿಂದ ಅವರ ಮಾತೇ ನಮಗೆ ಅನ್ನ ಹಾಕಿದೆ."

ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿ ತಲೆ ತಗ್ಗಿಸಿ ಊಟದ ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತಿದ್ದರು. ಸಂಕಲನಕಾರ್ತಿ ಒಂದೇ ಮಧ್ಯಾಹ್ನದಲ್ಲಿ ಐದು ವಾರದ ಕೆಲಸ ಬಿಚ್ಚಿಹಾಕಿದಳು.

ಬಿಡುಗಡೆಯ ದಿನ ಅವಳು ಮೊದಲ ಆಟಕ್ಕೇ ಹೋಗಿ ಕೂತಳು. ಅಕ್ಕ ತೆರೆಯ ಮೇಲೆ ಬಂದಾಗ ಶಿಳ್ಳೆ ಬಿತ್ತು. ಆಮೇಲೆ ಪಿಸುಮಾತು. ಅಕ್ಕ, "ಉಪ್ಪು ಸಾಕಾ?" ಎಂದು ತಂಗಿಯನ್ನು ಕೇಳಿದಾಗ ಯಾರೋ, "ಸತ್ತು ಹೋಗಿದ್ಯಲ್ಲ, ಅಲ್ಲಿ ಉಪ್ಪು ಸಿಗ್ತಿತ್ತಾ?" ಎಂದರು. ಇಡೀ ಥಿಯೇಟರು ನಕ್ಕಿತು. ಸಂಜೆಯೊಳಗೆ ಆ ಊಟದ ಮೇಜಿನ ಚಿತ್ರ ಎಲ್ಲರ ಫೋನಿನಲ್ಲೂ ಇತ್ತು. ಅಕ್ಕನ ಪಕ್ಕದ ಕುರ್ಚಿಯಲ್ಲಿ ಜನ ತಮತಮಗೆ ತೋಚಿದ್ದನ್ನು ಕೂರಿಸುತ್ತಿದ್ದರು. ಕೆಟ್ಟು ಗುಜರಿಗೆ ಹೋದ ಸ್ಕೂಟರನ್ನು ಕೂರಿಸಿ, "ಇದೂ ವಾಪಸ್ ಬಂದಿದೆ" ಎಂದು ಒಬ್ಬ ಬರೆದಿದ್ದ. ಪತ್ರಿಕೆಯೊಂದರ ವಿಮರ್ಶಕ, ಸಂಕಲನ ಮಾಡಿದವರು ಹಿಂದಿನ ನಾಲ್ಕು ಭಾಗಗಳನ್ನು ನೋಡಿದಂತೆ ಕಾಣುವುದಿಲ್ಲ ಎಂದ. ನಾಲ್ಕನ್ನೂ ಕತ್ತರಿಸಿ ಜೋಡಿಸಿದವಳು ಅದನ್ನು ಎರಡು ಸಲ ಓದಿದಳು.

ಆ ಭಾನುವಾರ ನಿರ್ದೇಶಕರು ಟಿವಿಯಲ್ಲಿ ಮಾತಾಡಿದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಪಕ್ಕದಲ್ಲಿ ಹೆಂಡತಿ.

"ನಾನು ಹಾಗೆ ಮಾಡೇ ಇಲ್ಲ," ಎಂದರು ಅವರು, ಶಾಂತವಾಗಿ. "ಅಕ್ಕ ಸತ್ತಿದ್ದಾಳೆ, ನನಗೆ ಗೊತ್ತಿಲ್ವಾ? ಎಡಿಟಿಂಗ್ ಟೇಬಲ್ ಮೇಲೆ ಎಲ್ಲ ಅದಲು ಬದಲಾಗಿದೆ. ಎಷ್ಟೇ ವರ್ಷದವರಾದರೂ ಪೂರ್ತಿ ನಂಬಬಾರದು ಅಂತ ಈಗ ಗೊತ್ತಾಯ್ತು."

ಆ ಮಾತನ್ನು ಅವರು ಮನಸಾರೆ ನಂಬಿಯೇ ಹೇಳುತ್ತಿದ್ದರು. ಅದೇ ಅವಳನ್ನು ಹೆಚ್ಚು ಉರಿಸಿದ್ದು. ಸಂಜೆ ಹೆಂಡತಿಗೆ ಫೋನ್ ಮಾಡಿದಳು.

"ಪಕ್ಕದಲ್ಲೇ ಕೂತಿದ್ರಲ್ಲ ಅಕ್ಕಾ. ಒಂದು ಮಾತು ಹೇಳಬಹುದಿತ್ತು."

"ಏನಂತ ಹೇಳಲಿ?" ಎಂದರು ಆಕೆ. "ಮರೆವು ಅಂತ ಒಂದು ಸಲ ಹೇಳಿದ್ರೆ ಜನ ಐದನೇದಕ್ಕೆ ನಿಲ್ಲಿಸ್ತಾರಾ? ಮೊದಲನೇದರಿಂದಲೇ ತಪ್ಪು ಹುಡುಕೋಕೆ ಶುರು ಮಾಡ್ತಾರೆ. ನಿನಗೆ ಇನ್ನೂ ವಯಸ್ಸಿದೆ ಕಣೆ. ಬೇರೆ ಸಿನಿಮಾ ಸಿಗುತ್ತೆ. ಅವರಿಗೆ ಇರೋದು ಇದೇ."

ಬೇರೆ ಸಿನಿಮಾ ಸಿಗಲಿಲ್ಲ. ಮಾತಾಗಿದ್ದ ಎರಡು ಕಡೆಯವರು ಫೋನ್ ಎತ್ತುವುದನ್ನೇ ಬಿಟ್ಟರು. ಆರನೆಯ ಭಾಗಕ್ಕೆ ಹೊಸ ನಿರ್ದೇಶಕರು, ಹೊಸ ತಂಡ ಎಂದು ನಿರ್ಮಾಪಕರೇ ತಿಳಿಸಿದರು. "ಬೇಜಾರು ಮಾಡ್ಕೋಬೇಡಿ ಮೇಡಂ," ಎಂದೂ ಸೇರಿಸಿದರು.

ಎಡಿಟಿಂಗ್ ಕೋಣೆ ಖಾಲಿ ಮಾಡುವ ವಾರ ಅವಳು ಊಟದ ದೃಶ್ಯದ ಮೂಲ ತುಣುಕುಗಳನ್ನು ಮೊದಲಿನಿಂದ ನೋಡಿದಳು. ಒಂದು ಟೇಕಿನಲ್ಲಿ, ಆಕ್ಷನ್ ಹೇಳುವ ಮುಂಚೆಯೇ ಕ್ಯಾಮೆರಾ ಓಡಿತ್ತು. ನಿರ್ದೇಶಕರು ಟೋಪಿ, ಮಫ್ಲರು ಹಾಕಿಕೊಂಡು ಮೇಜಿನ ಹತ್ತಿರ ಬರುತ್ತಾರೆ. ನಟಿಯ ಕಡೆ ಬಗ್ಗಿ, "ನೀನು ಯಾರಮ್ಮ?" ಎನ್ನುತ್ತಾರೆ. ನಟಿ ನಗುತ್ತಾಳೆ. "ಅಕ್ಕ, ಸರ್." ಅವರು ಸುತ್ತ ನೋಡುತ್ತಾರೆ, ಮೇಜನ್ನು ಮುಟ್ಟಿ ನೋಡುತ್ತಾರೆ, ಯಾರಾದರೂ ಏನಾದರೂ ಹೇಳಿಯಾರೆಂದು ಕಾಯುತ್ತಾರೆ. "ಅಕ್ಕನಾ? ಹಾಗಾದ್ರೆ ಬಡಿಸು," ಎನ್ನುತ್ತಾರೆ. ಒಟ್ಟು ನಲವತ್ತು ಸೆಕೆಂಡು.

ಅಷ್ಟನ್ನು ಮಾತ್ರ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಮರುದಿನ ಮಧ್ಯಾಹ್ನ ಅವರ ಮನೆಗೆ ಹೋದಳು. ಈ ತುಣುಕನ್ನು ಹೊರಗೆ ಬಿಡುತ್ತೇನೆ, ಇಲ್ಲವೇ ನನ್ನದು ತಪ್ಪಲ್ಲವೆಂದು ಎರಡು ಸಾಲು ಬರೆದುಕೊಡಿ ಎಂದು ಹೇಳುವುದು ಅವಳ ಲೆಕ್ಕ. ಹೆಂಡತಿ ಬಾಗಿಲು ತೆರೆದು, ಅವಳ ಮುಖ ನೋಡಿ, ಹೆಗಲಿನ ಚೀಲ ನೋಡಿ, ಬಾ ಎನ್ನದೆ ದಾರಿ ಬಿಟ್ಟರು.

ನಿರ್ದೇಶಕರು ಹಜಾರದ ಸೋಫಾದಲ್ಲಿ ಕೂತಿದ್ದರು. ಗುರುತು ಹಿಡಿದರು. ಹತ್ತಿರ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಮುಖ ಸಣ್ಣದು ಮಾಡ್ಕೋಬೇಡ," ಎಂದು ಅವಳ ಬೆನ್ನು ತಟ್ಟಿದರು. "ತಪ್ಪು ಯಾರಿಗೆ ಆಗಲ್ಲ? ನಾನು ಅದನ್ನ ಮನಸ್ಸಲ್ಲಿ ಇಟ್ಕೊಂಡಿಲ್ಲ. ನಿನ್ನನ್ನ ಕ್ಷಮಿಸಿದ್ದೀನಿ."

ಅವಳಿಗೆ ಕಿವಿಯವರೆಗೂ ಬಿಸಿಯೇರಿತು. ಹೇಳಲು ಸಿದ್ಧಮಾಡಿಕೊಂಡಿದ್ದ ಮಾತನ್ನು ಅಲ್ಲೇ ಬಿಟ್ಟಳು. ಲ್ಯಾಪ್‌ಟಾಪ್ ತೆಗೆದು ಟೀಪಾಯಿಯ ಮೇಲಿಟ್ಟಳು.

"ಬೇಡ ಕಣೆ," ಎಂದರು ಹೆಂಡತಿ.

"ನೋಡಲಿ ಅಕ್ಕಾ. ಅವರೂ ಒಂದು ಸಲ ನೋಡಲಿ," ಎಂದು ಅವಳು ಗುಂಡಿ ಒತ್ತಿದಳು.

ನಲವತ್ತು ಸೆಕೆಂಡು ಹೋಯಿತು. ನಿರ್ದೇಶಕರು ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಕೈಯೂರಿ ನೋಡಿದರು. ಮುಗಿದ ಮೇಲೂ ಕಣ್ಣು ಕೀಳಲಿಲ್ಲ.

"ಯಾರಿವನು, ಈ ಮುದುಕ?" ಎಂದರು.

ಸಂಕಲನಕಾರ್ತಿ ಹೆಂಡತಿಯ ಕಡೆ ನೋಡಿದಳು.

"ಎಲ್ಲಿ ಸಿಕ್ಕಿದ ನಿನಗೆ? ನಟನೆ ಅಂತ ಗೊತ್ತೇ ಆಗಲ್ಲ. ಆ ಮೇಜು ಮುಟ್ಟಿ ನೋಡ್ತಾನಲ್ಲ, ಅದನ್ನ ಹೇಳಿಕೊಟ್ಟು ಮಾಡಿಸೋಕೆ ಆಗಲ್ಲ." ಹಣೆ ಗಂಟಿಕ್ಕಿದರು. "ಆದ್ರೆ ನೀನು ಬೇಗ ಬಿಟ್ಟುಬಿಟ್ಟೆ. ಬಡಿಸು ಅಂದ ಕೂಡಲೇ ಕತ್ತರಿಸಿದ್ದೀಯ. ಕತ್ತರಿಸಬೇಡ. ಇವನ ಮುಖದ ಮೇಲೇ ಇನ್ನೊಂದು ನಾಲ್ಕು ಸೆಕೆಂಡು ನಿಲ್ಲು. ಅವನಿಗೆ ಏನೋ ಅರ್ಥ ಆಗ್ತಾ ಇದೆ ಅಲ್ಲಿ."

ಹೆಂಡತಿ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. "ಸಮಾಧಾನ ಆಯ್ತಾ?" ಎಂದು ಕೇಳಿದರು, ತುಂಬ ಮೆತ್ತಗೆ.

ಸಂಕಲನಕಾರ್ತಿ ತುಣುಕನ್ನು ಹಿಂದಕ್ಕೆ ಓಡಿಸಿ, ನಿರ್ದೇಶಕರು ಹೇಳಿದ ಜಾಗಕ್ಕೆ ತಂದು ನಿಲ್ಲಿಸಿದಳು. ಅವರು ಹೇಳಿದ್ದು ಸರಿಯಾಗಿತ್ತು. ಹಿಂದೆಯೂ ಸರಿಯಾಗಿಯೇ ಹೇಳುತ್ತಿದ್ದರು.

"ಇನ್ನೊಂದು ಸಲ ಹಾಕು," ಎಂದರು ನಿರ್ದೇಶಕರು. "ಬಿಸಿಲು ಬೀಳ್ತಾ ಇದೆ, ಸರಿಯಾಗಿ ಕಾಣಲ್ಲ."

ಹೆಂಡತಿ ಹೋಗಿ ಕಿಟಕಿಯ ಪರದೆ ಎಳೆದರು. ಒಂದು ಕಡೆ ಉಂಗುರ ಸಿಕ್ಕಿಕೊಂಡಿತು, ಬೆಳಕಿನ ಸಣ್ಣ ಪಟ್ಟಿ ಉಳಿಯಿತು. ಅಲ್ಲಿಗೆ ಆಕೆ ತಮ್ಮ ಅಂಗೈಯನ್ನೇ ಅಡ್ಡ ಹಿಡಿದು ನಿಂತರು.