ಕದಲದ ಚುಕ್ಕೆ

ಪರದೆಯ ಮೇಲೆ ಚುಕ್ಕೆಗಳು ಹರಿಯುತ್ತಿವೆ, ಒಂದು ಚುಕ್ಕೆ ಅಂದರೆ ಒಂದು ತಲೆ, ರೈಲಿನಿಂದ ಬಸ್ಸಿಗೆ, ಬಸ್ಸಿನಿಂದ ಮೆಟ್ರೋಗೆ, ಎಲ್ಲಕ್ಕೂ ಹೋಗಲು ಒಂದು ಜಾಗ ಇದೆಯಲ್ಲ ಅಂದುಕೊಂಡಳು ಅವಳು, ಪುಣ್ಯವಂತ ಚುಕ್ಕೆಗಳು — ನಿಲ್ದಾಣದ ಜನರ ಓಡಾಟ ನೋಡಿ ದಾರಿ ಸರಿಪಡಿಸುವುದು ಅವಳ ಕೆಲಸ, ಹಜಾರದ ಆ ಉದ್ದ ಬೆಂಚೊಂದೇ ಅಡ್ಡ, ಇವತ್ತು ಸಾಹೇಬರ ಸಹಿ ಬಿದ್ದರೆ ನಾಳೆ ಕಿತ್ತು ಹಾಕುತ್ತಾರೆ, ಒಬ್ರೂ ಕೂರಲ್ಲ ಕಣಮ್ಮಾ ಅಲ್ಲಿ, ನಿನ್ನ ನಕ್ಷೆನೇ ಹೇಳ್ತಿದೆ, ಶಭಾಷ್, ಅಂದಿದ್ದರು ಸಾಹೇಬರು, ಊಟದ ಸಾಲಿನಲ್ಲೂ ಸರೀರಿ ಸರೀರಿ ಅನ್ನುವ ದಾರಿಬಿಡಿ ಸಾಹೇಬರು, ಅವಳಿಗೆ ಸಿಕ್ಕ ಮೊದಲ ಶಭಾಷ್ ಅದು, ನಾಲಿಗೆಯ ಮೇಲಿನ್ನೂ ಕರಗಿಲ್ಲ — ಒಬ್ರೂ ಕೂರಲ್ವಾ? ಮತ್ತೆ ದಿನಾ ಸಂಜೆ ಅಲ್ಲಿ ಕೂರುವುದು ಯಾರು, ಅವಳ ದೆವ್ವವೇ? ರೂಮಿಗೆ ಹೋಗಿ ಮಾಡುವುದಾದರೂ ಏನು, ಬೀಗ ತೆಗೆದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ, ಅಕ್ಕನ ಫೋನು ಊಟ ಆಯ್ತಾ, ಸರಿ ಇಡ್ಲಾ, ಅಷ್ಟೇ, ಬೆಂಚಿನಲ್ಲಾದರೆ ನೆಲ ಒರೆಸುವ ಅಮ್ಮ ಬರುತ್ತಾಳೆ, ಕಾಲೆತ್ತೇ ತಾಯಿ, ಮನೆಗಿನೆ ಇಲ್ವಾ ನಿಂಗೆ, ಬೇರು ಬಿಟ್ಬಿಟ್ಟೀಯ ನೋಡು, ಅನ್ನುತ್ತಾ ಅವಳ ಸುತ್ತ ಒಂದು ಸುತ್ತು ಒರೆಸಿ ಹೋಗುತ್ತಾಳೆ, ದಿನಕ್ಕೊಮ್ಮೆ ಯಾರೋ ತನ್ನನ್ನು ಬೈಯುವುದು ಎಷ್ಟು ಹಿತ — ನಿನ್ನೆ ಸಂಜೆಯ ದಾಖಲೆ ತೆರೆದಳು, ಬೆಂಚು ಖಾಲಿ, ಮತ್ತೆ ನೋಡಿದಳು, ಖಾಲಿ, ಅಯ್ಯೋ, ಆ ನಿಯಮ, ಕೆಲಸಕ್ಕೆ ಸೇರಿದ ಹುರುಪಿನಲ್ಲಿ ತಾನೇ ಬರೆದದ್ದು, ತುಂಬಾ ಹೊತ್ತು ಕದಲದ್ದೆಲ್ಲ ಕಂಬ, ಕಸದ ಡಬ್ಬಿ, ಅಳಿಸಿಬಿಡು, ಹಾಗಾದರೆ ಇಷ್ಟು ದಿನ ತನ್ನನ್ನು ಅಳಿಸುತ್ತಿದ್ದದ್ದು ತಾನೇ.

ನಿಯಮ ತೆಗೆದಳು, ಬೆಂಚಿನ ಉದ್ದಕ್ಕೂ ಕೆಂಪು ಚುಕ್ಕೆಗಳು ಎದ್ದವು, ಇಷ್ಟೊಂದು ಜನ ಕೂರುತ್ತಾರಾ, ತುದಿಯಲ್ಲಿ ತಾನು, ಕದಲದ ಚುಕ್ಕೆ — ಹೇಳಿದರೆ ಶಭಾಷ್ ವಾಪಸ್, ನಿನ್ನ ಲೆಕ್ಕವೇ ತಪ್ಪಾ ಅನ್ನುತ್ತಾರೆ ಎಲ್ಲರೆದುರು, ಹೇಳದಿದ್ದರೆ ಬೆಂಚಿಲ್ಲ, ಬೈಯುವವರಿಲ್ಲ, ಬೆರಳು ಯೋಚಿಸುವ ಮೊದಲೇ ಹೊಸ ನಕ್ಷೆ ಸಾಹೇಬರಿಗೆ ಹೋಯಿತು, ಹೋದ ಹಿಂದೆಯೇ ಫೋನು, ಏನಮ್ಮಾ ಇದು, ಸಹಿ ಹಾಕೋ ಹೊತ್ತಲ್ಲಿ, ಈ ತುದೀಲಿರೋದೇನು, ಕಂಬನಾ? ಅಲ್ಲ ಸರ್. ಮತ್ತೆ? ನಾನು ಸರ್. ಆ ಕಡೆ ಪೆನ್ನು ಮೇಜಿನ ಮೇಲಿಟ್ಟ ಟಕ್, ಮುಂದೇನನ್ನುತ್ತಾರೋ, ಅವಳ ಕಿವಿ ಫೋನಿನಲ್ಲಿ, ಕಣ್ಣು ಪರದೆಯಲ್ಲಿ, ಅಲ್ಲಿ, ನಿನ್ನೆ ಸಂಜೆಯ ದಾಖಲೆಯಲ್ಲಿ, ಇನ್ನೊಂದು ಚುಕ್ಕೆ ನಿಧಾನ ಬರುತ್ತಿದೆ, ಕದಲದ ಚುಕ್ಕೆಯ ಪಕ್ಕ ನಿಂತಿತು, ಸುತ್ತ ಒಂದು ಸುತ್ತು ಬಂತು, ಕಾಲೆತ್ತೇ ತಾಯಿ, ದಾಖಲೆ ಹಿಂದಕ್ಕೆ ಎಳೆದು ನೋಡಿದಳು, ಬಂತು, ನಿಂತಿತು, ಸುತ್ತಿತು, ಮತ್ತೆ ಎಳೆದಳು, ಬಂತು, ನಿಂತಿತು —