ಮಾದರಿಯ ಬಿಸಿಲು

ಕಟ್ಟುವ ಮೊದಲೇ ಕಟ್ಟಡಗಳನ್ನು ಮೇಜಿನ ಮೇಲೆ ನಿಲ್ಲಿಸಿ ತೋರಿಸುವುದು ಅವನ ಕಸುಬು. ರಟ್ಟು, ತೆಳು ಹಲಗೆ, ಅಂಟು ಕೊಟ್ಟರೆ ಸಾಕು, ಕಿಟಕಿಯ ಸರಳುಗಳ ಸಮೇತ ಬೀದಿಯನ್ನೇ ಕೂರಿಸಿಬಿಡುತ್ತಿದ್ದ. ಬಿಲ್ಡರುಗಳು ಅವನನ್ನು ಮೇಷ್ಟ್ರೇ ಎನ್ನುತ್ತಿದ್ದರು. ಅಷ್ಟಕ್ಕೇ ಅವನು ಕರಗಿ ನೀರಾಗುತ್ತಿದ್ದ.

ಈ ಸಲದ ಕೆಲಸ ಹಳೇ ಬಣ್ಣದ ಕಾರ್ಖಾನೆಯ ಜಾಗದ್ದು. ಕಲ್ಲಿನ ಆ ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿತ್ತು, ಕೆಡವುವಂತಿಲ್ಲ. ಅದರ ಬೆನ್ನಿಗೇ ಅಪಾರ್ಟ್‌ಮೆಂಟ್ ಗೋಪುರ ಎಬ್ಬಿಸಲು ಬಿಲ್ಡರ್ ಹೊರಟಿದ್ದ. ಕಾರ್ಖಾನೆಯ ಅಂಗಳದಲ್ಲಿ ಬಟ್ಟೆಗೆ ಬಣ್ಣ ಹಾಕಿ, ಹಗ್ಗಕ್ಕೆ ಹರವಿ ಒಣಗಿಸಿ ಬದುಕುತ್ತಿದ್ದವಳು ಅವನ ಸ್ವಂತ ಅಕ್ಕ. ಬಿಸಿಲು ತಪ್ಪಿದರೆ ಅವಳ ಕೆಲಸ ಮುಗಿದಂತೆಯೇ. ಅದಕ್ಕೇ ಪಾರಂಪರಿಕ ಸಮಿತಿಗೆ ಆಕ್ಷೇಪಣೆ ಹಾಕಿ ಬಿಲ್ಡರನ ಕೈ ಕಟ್ಟಿದ್ದಳು.

"ಮೇಷ್ಟ್ರೇ, ಹಳೇ ಕಟ್ಟಡ ಸ್ವಲ್ಪ ಕಣ್ತುಂಬೋ ಹಾಗಿರ್ಲಿ," ಎಂದ ಬಿಲ್ಡರ್.

ಹಾಗೆಂದರೇನೆಂದು ಕಸುಬಿನವರಿಗೆಲ್ಲ ಗೊತ್ತು. ಹಳೆಯದನ್ನು ಒಂದು ಅಳತೆಯಲ್ಲಿ ಮಾಡು, ಹೊಸದನ್ನು ಅದಕ್ಕಿಂತ ಕಿರಿದಾದ ಅಳತೆಯಲ್ಲಿ ಮಾಡು. ಗೋಪುರ ಕುಗ್ಗುತ್ತದೆ, ನೋಡುವವರಿಗೆ ದಿಗಿಲಾಗುವುದಿಲ್ಲ. ನಿಜವಾದ ಅಳತೆ ನಕ್ಷೆಯಲ್ಲಿ ಇದ್ದೇ ಇರುತ್ತದಲ್ಲ, ಬೇಕಾದವರು ನೋಡಿಕೊಳ್ಳಲಿ ಎಂದು ಅವನು ಸಮಾಧಾನ ಮಾಡಿಕೊಂಡ. ಅಕ್ಕನಿಂದಲೇ ಬಟ್ಟೆಯ ಚೂರುಗಳನ್ನು ಕೇಳಿ ತಂದು, ಪುಟ್ಟ ಅಂಗಳದಲ್ಲಿ ದಾರ ಕಟ್ಟಿ, ಮುತುವರ್ಜಿಯಿಂದ ನೇತುಹಾಕಿದ.

ಸಮಿತಿಯ ಸಭೆಯಲ್ಲಿ ನಕ್ಷೆಯ ಸುರುಳಿಯನ್ನು ಯಾರೂ ಬಿಚ್ಚಲಿಲ್ಲ. ಪರಂಪರೆ ಕಾಯುವ ದೊಡ್ಡ ಮನುಷ್ಯರಿಗೆ ಆಟದ ಸಾಮಾನೇ ಪ್ರಿಯ. ಅಧ್ಯಕ್ಷರು ಮಾದರಿಯ ಮೇಲೆ ಟಾರ್ಚ್ ಹಿಡಿದು, "ಇದೇ ಸೂರ್ಯ ಅಂತಿಟ್ಕೊಳ್ಳಿ, ಅಮ್ಮ," ಎಂದರು. ಗೋಪುರದ ನೆರಳು ಅಂಗಳದ ಅಂಚಿಗೆ ಬಂದು ಅಲ್ಲೇ ನಿಂತಿತು.

ಅಕ್ಕ ಬಗ್ಗಿ ನೋಡಿದಳು. ತನ್ನ ಬಟ್ಟೆಯ ಚೂರುಗಳನ್ನು ಗುರುತಿಸಿ ನಕ್ಕಳು. ಆಮೇಲೆ ತಮ್ಮನತ್ತ ತಿರುಗಿದಳು.

"ಹೀಗೇ ಇರತ್ತೇನೋ? ನೀನೊಂದ್ಸಲ ಹೇಳ್ಬಿಡು, ಸಾಕು."

ಎಲ್ಲರೂ ಅವನ ಬಾಯಿ ನೋಡಿದರು. ಅವನು ಇಲ್ಲದ ಧೂಳನ್ನು ಒರೆಸುತ್ತಾ, "ಇದರಲ್ಲಿರೋ ಹಾಗೇ ಕಟ್ತಾರಕ್ಕ," ಎಂದ.

"ನನ್ನ ತಮ್ಮ ಮಾಡಿರೋದು. ಇನ್ನೇನು ಕೇಳೋದಿದೆ?" ಎಂದು ಅವಳು ಆಕ್ಷೇಪಣೆ ಹಿಂತೆಗೆದುಕೊಂಡಳು.

ಗೋಪುರ ಎದ್ದಿತು. ಅದರ ಕಾಲಬಳಿ ಹಳೇ ಕಟ್ಟಡ ಕಳಚಿಟ್ಟ ಚಪ್ಪಲಿಯಂತೆ ಕಾಣುತ್ತಿತ್ತು. ನಡುಹಗಲಲ್ಲೂ ಅಂಗಳಕ್ಕೆ ಬಿಸಿಲು ಇಣುಕಲಿಲ್ಲ. ಬಟ್ಟೆ ಹಗ್ಗದಲ್ಲೇ ಮುಗ್ಗಿತು, ಬಣ್ಣ ಕಲೆಕಲೆಯಾಯಿತು, ಗಿರಾಕಿಗಳು ಮೂಗು ಮುರಿದು ಬೇರೆ ಕಡೆ ಹೋದರು. ಅವನು ಆ ಬೀದಿಗೆ ಕಾಲಿಡುವುದನ್ನೇ ಬಿಟ್ಟ, ಹೇಡಿ. ಅಕ್ಕ ಬಾಯಿಗೆ ಬಂದಂತೆ ಬೈದಾಳೆಂದು ಕಾದ. ಅವಳು ಬೈಯಲೇ ಇಲ್ಲ.

ಹಳೇ ಕಟ್ಟಡದೊಳಗೇ ಈಗ ಫ್ಲ್ಯಾಟು ಮಾರುವ ಕಚೇರಿ, ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಅವನ ಮಾದರಿ. ಅದರ ದೀಪ ಕೆಟ್ಟಿದೆಯೆಂದು ಒಮ್ಮೆ ಅವನನ್ನು ಕರೆಸಿದರು. ಬಲ್ಬು ಬದಲಿಸಿದ. ಪುಟ್ಟ ಅಂಗಳದ ತುಂಬ ಹೊಂಬಿಸಿಲು ಹರಡಿತು. ತಲೆಯೆತ್ತಿದರೆ ಬಾಗಿಲಲ್ಲಿ ಅಕ್ಕ. ಅವನು ಬಂದದ್ದನ್ನು ಅಂಗಳದಿಂದಲೇ ಕಂಡಿರಬೇಕು. ತೋಳಿನ ಮೇಲೆ ಒದ್ದೆ ಬಟ್ಟೆಯ ಹೊರೆಯಿತ್ತು.

"ಅಕ್ಕಾ, ನಮ್ಮ ಕೆಲಸದಲ್ಲಿ ಎಲ್ರೂ ಹಾಗೇ ಮಾಡ್ತಾರೆ," ಎಂದು ಅವನು ತೊದಲಿದ.

ಅವಳು ಹತ್ತಿರ ಬಂದು ಹೊರೆಯನ್ನು ಪೆಟ್ಟಿಗೆಯ ಮೇಲಿಟ್ಟಳು. ಬಣ್ಣದ ನೀರು ಗಾಜಿನ ಮೇಲೆ ಇಳಿಯಿತು.

"ಗಾಜು ತೆಗಿಯೋ," ಎಂದಳು. "ಇಲ್ಲಿ ಬಿಸಿಲು ಚೆನ್ನಾಗಿದೆ. ಒಣಗಿಸ್ಕೊಂಡು ಹೋಗ್ತೀನಿ."